ಕಾರಿನ ಕೆಳಗಿನ ಎಣ್ಣೆಯ ಕಲೆ

ರಾತ್ರಿ ಮನೆಯ ಮುಂದೆ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಹೊರಕ್ಕೆ ತೆಗೆದೊಡನೆ ಅದು ನಿಂತಿದ್ದ ಜಾಗದಲ್ಲಿ ಒಂದು ಕಪ್ಪು ಕಲೆ ಕಾಣಿಸುತ್ತದೆ. ಮೊದಲ ದಿನ ಅದು ನಾಣ್ಯದಷ್ಟಿರುತ್ತದೆ. ವಾರ ಕಳೆಯುವಷ್ಟರಲ್ಲಿ ತಟ್ಟೆಯಗಲವಾಗುತ್ತದೆ. ರಂಗೋಲಿ ಹಾಕಲು ಬಂದ ಮನೆಯವರು ಒಮ್ಮೆ ಕಲೆಯನ್ನೂ ಒಮ್ಮೆ ಕಾರನ್ನೂ ಒಮ್ಮೆ ನಮ್ಮನ್ನೂ ನೋಡುತ್ತಾರೆ. ಹಳೆಯ ಕಾರು ಇಟ್ಟುಕೊಂಡವರೆಲ್ಲರಿಗೂ ಈ ನೋಟದ ಪರಿಚಯ ಉಂಟು.

ಇಂಥ ಕಲೆಯನ್ನು ಕಂಡಾಗ ನಾವು ಎರಡರಲ್ಲಿ ಒಂದು ತಪ್ಪನ್ನು ಮಾಡುತ್ತೇವೆ. 'ಹಳೆಯ ಗಾಡಿ, ಸೋರದೆ ಇರುತ್ತದೆಯೆ?' ಎಂದು ಸುಮ್ಮನಾಗುವುದು ಒಂದು. ಹೆದರಿ, ಮೊದಲು ಸಿಕ್ಕಿದ ವರ್ಕ್‌ಶಾಪಿಗೆ ಒಯ್ದು, ಇಂಜಿನ್ನನ್ನೇ ಬಿಚ್ಚಿಸುವುದು ಇನ್ನೊಂದು. ಮೊದಲನೆಯದರಿಂದ ಇಂಜಿನ್ ಕೆಡಬಹುದು. ಎರಡನೆಯದರಿಂದ ಕೈಯಲ್ಲಿದ್ದ ದುಡ್ಡು ಹೋಗಬಹುದು. ಎರಡನೆಯ ತಪ್ಪನ್ನು ನಾನೇ ಮಾಡಿದವನು. ಆದಕಾರಣ, ಸೋರಿಕೆಯ ಮೂಲವನ್ನು ಮನೆಯಲ್ಲಿಯೇ ಹುಡುಕುವುದು ಹೇಗೆ ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಒಂದು ಹಳೆಯ ರಟ್ಟು, ಸ್ವಲ್ಪ ಪೌಡರು, ಒಂದು ದೀಪ, ಇವುಗಳ ಜೊತೆಗೆ ತಾಳ್ಮೆ ಇದ್ದರೆ ಸಾಕು.

ನಮ್ಮ ಮನೆಯದು 1970ರ ದಶಕದ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಬಂದ ಈ ಗಾಡಿ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿತ್ತು. ಬಹುಕಾಲ ಇದರೊಳಗಿದ್ದದ್ದು 1489 ಸಿ.ಸಿ.ಯ ಪೆಟ್ರೋಲ್ ಇಂಜಿನ್. ಅದೂ ಇಂಗ್ಲೆಂಡಿನಲ್ಲಿ ಹುಟ್ಟಿದ್ದೇ. ಗಟ್ಟಿ ಇಂಜಿನ್, ರಿಪೇರಿಗೆ ಸುಲಭ. ಆದರೆ ಎಣ್ಣೆಯನ್ನು ಪೂರ್ತಿ ಒಳಗೇ ಬಿಗಿಹಿಡಿಯುವ ಸ್ವಭಾವ ಅದಕ್ಕೆ ಮೊದಲಿನಿಂದಲೂ ಇಲ್ಲ. ನಾನು ಈ ಇಂಜಿನ್ನನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ನಿಮ್ಮದು ಪದ್ಮಿನಿಯೇ ಇರಲಿ, ಬೇರೆ ಯಾವ ಹಳೆಯ ಕಾರೇ ಇರಲಿ, ಹುಡುಕುವ ಕ್ರಮ ಒಂದೇ.

ಆ ಕ್ರಮಕ್ಕೆಲ್ಲ ಬುನಾದಿಯಾದ ಮಾತು ಇದು: ಎಣ್ಣೆ ತೊಟ್ಟಿಕ್ಕುವ ಜಾಗ ಬೇರೆ, ಎಣ್ಣೆ ಸೋರುವ ಜಾಗ ಬೇರೆ. ಹೆಂಚಿನ ಮನೆಯಲ್ಲಿ ಬಾಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆನೀರು ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ನೇರ ಮೇಲೆ ನೋಡಿದರೆ ಅಲ್ಲಿಯ ಹೆಂಚು ಸರಿಯಾಗಿಯೇ ಇರುತ್ತದೆ. ಒಡೆದ ಹೆಂಚು ನಾಲ್ಕು ಮಾರು ಮೇಲೆ ಎಲ್ಲೋ ಇದ್ದು, ನೀರು ರೀಪಿನ ಗುಂಟ ಜಾರಿ ಬಂದು ಇಲ್ಲಿ ಬೀಳುತ್ತಿರುತ್ತದೆ. ಇಂಜಿನ್ನಿನಲ್ಲಿಯೂ ಹಾಗೆಯೇ. ಮೇಲಿನಿಂದ ಹೊರಟ ಎಣ್ಣೆ ಮಗ್ಗುಲನ್ನು ಹಿಡಿದು ಕೆಳಕ್ಕೆ ಇಳಿಯುತ್ತದೆ. ಕಾರು ಓಡುವಾಗ ಮುಂದಿನಿಂದ ಬೀಸುವ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಕೊನೆಗೆ ಎಲ್ಲವೂ ಸೇರಿ ಇಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಎಲ್ಲಿಂದ ಸೋರಿದರೂ ಅಲ್ಲಿಗೇ ಬರುವುದರಿಂದ, ಅಲ್ಲಿ ಒದ್ದೆ ಕಂಡಮಾತ್ರಕ್ಕೆ ಅಲ್ಲಿಯೇ ದೋಷವಿದೆಯೆಂದು ತೀರ್ಮಾನಿಸಲಾಗದು.

ನನ್ನ ವಿಷಯದಲ್ಲಿ ಆದದ್ದು ಇದೇ. ಕಾರಿನ ನೋಂದಣಿಯನ್ನು ನವೀಕರಿಸುವ ಕಾಲ ಹತ್ತಿರವಾಗಿತ್ತು. ತಪಾಸಣೆಗೆ ಒಯ್ಯುವ ಮುನ್ನ ಸೋರಿಕೆಯನ್ನು ನಿಲ್ಲಿಸೋಣವೆಂದು ಒಂದು ವರ್ಕ್‌ಶಾಪಿಗೆ ಹೋದೆ. ಅಲ್ಲಿಯವರು ಕೆಳಗೆ ಬಗ್ಗಿ ದೀಪ ಹಿಡಿದು, 'ಹಿಂದಿನ ಸೀಲು ಹೋಗಿದೆ ಸಾರ್, ಗೇರ್ ಬಾಕ್ಸ್ ಇಳಿಸಬೇಕು' ಎಂದರು. ಇಳಿಸಿದರು. ಇಳಿಸಿದಮೇಲೆ ಕ್ಲಚ್ ಪ್ಲೇಟನ್ನೂ ಬದಲಾಯಿಸುವುದು ಒಳ್ಳೆಯದೆಂದರು, ಅದೂ ಆಯಿತು. ಆರು ದಿನ ಹಿಡಿಯಿತು. ಒಂದು ತಿಂಗಳ ಪಿಂಚಣಿ ಹೋಯಿತು. ಏಳನೆಯ ದಿನ ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಅದೇ ಕಲೆ! ಮತ್ತೆ ಹೋಗಿ ಕೇಳಿದರೆ, 'ಇಂಜಿನ್ನೇ ಮುಗಿದಿದೆ ಸಾರ್, ಇದಕ್ಕೆ ಇನ್ನು ದುಡ್ಡು ಹಾಕಬೇಡಿ, ಗುಜರಿಗೆ ಕೊಟ್ಟುಬಿಡಿ' ಎಂಬ ಉತ್ತರ ಬಂತು. ತಂದೆಯವರ ಕಾಲದಿಂದ ಮನೆಯಲ್ಲಿದ್ದ ಗಾಡಿ ಅದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಅಂದು ನನಗೆ ತಿಳಿದಿರಬೇಕಾಗಿದ್ದ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ.

ಮೊದಲನೆಯ ಪ್ರಶ್ನೆ: ಬೀಳುತ್ತಿರುವುದು ಇಂಜಿನ್ ಎಣ್ಣೆಯೇ? ಸಂಜೆ ಕಾರನ್ನು ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ, ಅದರ ಕೆಳಗೆ ಒಂದು ದೊಡ್ಡ ರಟ್ಟನ್ನೋ ಹಳೆಯ ಸುದ್ದಿಪತ್ರಿಕೆಗಳನ್ನೋ ಹಾಸಿರಿ. ಮುಂದಿನ ಚಕ್ರಗಳು ಎಲ್ಲಿವೆಯೆಂದು ಅದರ ಮೇಲೆ ಗುರುತು ಹಾಕಿರಿ. ಬೆಳಿಗ್ಗೆ ತೆಗೆದು ನೋಡಿದರೆ ಅದು ಒಂದು ನಕ್ಷೆಯಂತೆ ಮಾತಾಡುತ್ತದೆ. ಕಂದು ಇಲ್ಲವೆ ಕಪ್ಪು ಬಣ್ಣ, ಬೆರಳಿಗೆ ಜಿಡ್ಡು, ಇದು ಇಂಜಿನ್ ಎಣ್ಣೆ. ಅದಕ್ಕಿಂತ ಮಂದವಾಗಿ, ಗಂಧಕದಂಥ ಕಟು ವಾಸನೆ ಹೊಡೆದರೆ ಗೇರ್ ಎಣ್ಣೆ ಇರಬಹುದು. ನೀರಿನಂತೆ ತೆಳ್ಳಗೆ, ಹಸಿರೋ ಕೆಂಪೋ ಬಣ್ಣವಿದ್ದು ಸಿಹಿಯಾದ ವಾಸನೆ ಇದ್ದರೆ ಅದು ರೇಡಿಯೇಟರಿನದು; ಅದನ್ನು ನಾಲಗೆಗೆ ಮಾತ್ರ ಸೋಕಿಸಬೇಡಿ, ಅದು ವಿಷ. ತಿಳಿಯಾಗಿ ಜಾರುವಂತಿದ್ದು, ಚಕ್ರದ ಒಳಮಗ್ಗುಲಿನಲ್ಲೋ ಬ್ರೇಕಿನ ಮಾಸ್ಟರ್ ಸಿಲಿಂಡರಿನ ಕೆಳಗೋ ಬಿದ್ದಿದ್ದರೆ ಅದು ಬ್ರೇಕ್ ದ್ರವ. ಹಾಗಿದ್ದರೆ ಈ ಮಾತೆಲ್ಲ ಬದಿಗಿರಲಿ. ಆ ಕಾರನ್ನು ಓಡಿಸದೆ ಮೇಸ್ತ್ರಿಯನ್ನು ಮನೆಗೇ ಕರೆಸಿರಿ.

ಎರಡನೆಯ ಪ್ರಶ್ನೆ: ಎಷ್ಟು ಹೋಗುತ್ತಿದೆ? ನೆಲದ ಕಲೆ ನಮ್ಮನ್ನು ಅಗತ್ಯಕ್ಕಿಂತ ಹೆಚ್ಚು ಹೆದರಿಸುತ್ತದೆ. ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್. ನಿಮಿಷಕ್ಕೊಂದು ಹನಿಯಂತೆ 10 ತಾಸು ಬಿದ್ದರೆ 600 ಹನಿ, ಅಂದರೆ 30 ಮಿಲಿಲೀಟರ್, ಔಷಧದ ಸಣ್ಣ ಲೋಟದಷ್ಟು. ಇಂಜಿನ್ನಿನೊಳಗೆ ಇರುವುದು ಸುಮಾರು 4 ಲೀಟರ್. ಆದರೆ ಇದರಿಂದ ನಿಶ್ಚಿಂತರಾಗಲೂಬಾರದು. ಇಂಜಿನ್ ಓಡುವಾಗ ಒಳಗೆ ಪಂಪು ಎಣ್ಣೆಯನ್ನು ಒತ್ತಡದಿಂದ ತಳ್ಳುತ್ತಿರುವುದರಿಂದ, ನಿಂತಾಗ ಹನಿಹನಿಯಾಗಿ ಬೀಳುವುದು ಓಡುವಾಗ ಧಾರೆಯಾಗಬಹುದು. ಅದು ದಾರಿಯಲ್ಲಿ ಬಿದ್ದುಹೋಗುವುದರಿಂದ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ನೆಲವನ್ನು ನಂಬದೆ ಡಿಪ್‌ಸ್ಟಿಕ್ಕನ್ನು ನಂಬಬೇಕು. ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಮೊದಲು ಅದನ್ನು ಎಳೆದು, ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದು ನೋಡಿರಿ. ಅನೇಕ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ನಡುವೆ ಸುಮಾರು 1 ಲೀಟರ್ ಅಂತರ. ಎಷ್ಟು ಕಿಲೋಮೀಟರ್ ಓಡಿದಮೇಲೆ ಎಷ್ಟು ಎಣ್ಣೆ ಹಾಕಿದಿರೆಂದು ಒಂದು ಪುಸ್ತಕದಲ್ಲಿ ಬರೆದಿಡಿರಿ. ಹಾಲಿನ ಲೆಕ್ಕ ಬರೆದಿಡುವ ಮನೆಯಲ್ಲಿ ಎಣ್ಣೆಯ ಲೆಕ್ಕ ಕಷ್ಟವಲ್ಲ.

ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಇಳಿಯುತ್ತಿದೆ, ನೆಲದ ಮೇಲೆ ಮಾತ್ರ ಅಷ್ಟು ಕಲೆಯಿಲ್ಲ ಎನ್ನಿ. ಆಗ ಹಿಂದಿನ ಸೈಲೆನ್ಸರ್ ಕೊಳವೆಯ ಕಡೆ ನೋಡಬೇಕು. ನೀಲಿ ಛಾಯೆಯ ಹೊಗೆ ಬರುತ್ತಿದ್ದರೆ ಎಣ್ಣೆ ಸೋರುತ್ತಿಲ್ಲ, ಒಳಗೇ ಉರಿಯುತ್ತಿದೆ. ಅದು ಬೇರೆ ಕಾಯಿಲೆ, ಅದಕ್ಕೆ ಬೇರೆ ಮದ್ದು.

ಈ ಹಂತದಲ್ಲಿ ಒಂದು ಎಚ್ಚರಿಕೆ. ಎಣ್ಣೆಯ ಒತ್ತಡದ ಕೆಂಪು ದೀಪ ಓಡುವಾಗ ಹತ್ತಿದರೆ, ಅಥವಾ ಗೇಜಿನ ಮುಳ್ಳು ಕುಸಿದರೆ, ಮನೆ ಇನ್ನು ಅರ್ಧ ಮೈಲಿ ಇದೆಯಲ್ಲ ಎಂದು ಓಡಿಸಬೇಡಿ. ತಕ್ಷಣ ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿರಿ. ಎಣ್ಣೆಯಿಲ್ಲದೆ ತಿರುಗಿದ ಬೇರಿಂಗುಗಳು ಕೆಡುವುದಕ್ಕೆ ಕೆಲವು ನಿಮಿಷ ಸಾಕು. ಹಾಗೆಯೇ ಬಿಸಿ ಮ್ಯಾನಿಫೋಲ್ಡಿನ ಮೇಲೆ ಎಣ್ಣೆ ಬಿದ್ದು ಬಾನೆಟ್ಟಿನಿಂದ ಹೊಗೆ ಏಳುತ್ತಿದ್ದರೆ ಬೆಂಕಿಯ ಅಪಾಯವೂ ಉಂಟು. ಈ ಎರಡು ಸಂದರ್ಭಗಳಲ್ಲಿ ಪರೀಕ್ಷೆಯ ಮಾತಿಲ್ಲ. ಕಾರನ್ನು ಎಳೆಸಿಕೊಂಡೇ ಹೋಗಬೇಕು.

ಇನ್ನು ಮೂಲವನ್ನು ಹುಡುಕುವ ಕೆಲಸ. ಇದರ ಮೊದಲ ಮೆಟ್ಟಿಲು ತೊಳೆಯುವುದು. ವರ್ಷಗಟ್ಟಲೆ ಎಣ್ಣೆ, ಧೂಳು ಸೇರಿ ಗಟ್ಟಿಯಾದ ಇಂಜಿನ್ನಿನಲ್ಲಿ ಹೊಸ ಸೋರಿಕೆ ಯಾವುದು, ಹಳೆಯದು ಯಾವುದು ಎಂದು ಯಾರೂ ಹೇಳಲಾರರು. ಬಗ್ಗಿ ನೋಡಿ ತಕ್ಷಣ ರೋಗ ಹೇಳುವವರನ್ನು ನಂಬಬೇಡಿ. ಇಂಜಿನ್ ಪೂರ್ತಿ ತಣ್ಣಗಿರುವಾಗ, ಬ್ಯಾಟರಿಯ ತಂತಿ ಕಳಚಿ, ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಡೈನಮೋ ಇವುಗಳ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ, ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಜಿಡ್ಡನ್ನು ಬಿಡಿಸಿರಿ. ಸೀಮೆಎಣ್ಣೆ ಸಿಗದಿದ್ದರೆ ಅಂಗಡಿಯಲ್ಲಿ ದೊರೆಯುವ ಡಿಗ್ರೀಸರ್ ಆಗುತ್ತದೆ. ಪೆಟ್ರೋಲಿನಿಂದ ಮಾತ್ರ ತೊಳೆಯಲೇಬೇಡಿ. ಒಂದು ಕಿಡಿ ಸಾಕು, ಕಾರಿನ ಜೊತೆಗೆ ಮನೆಯೂ ಹೋದೀತು. ಕಾರಿನ ಕೆಳಗೆ ನುಸುಳಬೇಕಾದರೆ ಬರೀ ಜಾಕಿಯನ್ನು ನಂಬಬಾರದು. ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟಿರಬೇಕು. ಇದಕ್ಕೆ ಅನುಕೂಲವಿಲ್ಲದವರು ತೊಳೆಯುವ ಕೆಲಸವನ್ನು ಸರ್ವಿಸ್ ಸ್ಟೇಷನ್ನಿನಲ್ಲಿ ಮಾಡಿಸಿಕೊಂಡು, ನೋಡುವ ಕೆಲಸವನ್ನು ಮನೆಯಲ್ಲಿ ಮಾಡಬಹುದು.

ತೊಳೆದು ಒರೆಸಿ ಪೂರ್ತಿ ಒಣಗಿದಮೇಲೆ ಪೌಡರಿನ ಸರದಿ. ಮುಖಕ್ಕೆ ಹಚ್ಚುವ ಪೌಡರನ್ನೋ ಸೀಮೆಸುಣ್ಣದ ಪುಡಿಯನ್ನೋ ಬಟ್ಟೆಯ ಗಂಟಿನಲ್ಲಿ ಕಟ್ಟಿ, ಅನುಮಾನವಿರುವ ಜೋಡಣೆಗಳ ಸುತ್ತ ತಟ್ಟಿರಿ. ಫ್ಯಾನ್ ಬೆಲ್ಟಿನ ಹತ್ತಿರಕ್ಕೂ ಕಾರ್ಬ್ಯುರೇಟರಿನ ಬಾಯಿಯ ಹತ್ತಿರಕ್ಕೂ ಬೇಡ. ಆಮೇಲೆ ಕಾರನ್ನು ಹತ್ತು ಹದಿನೈದು ಕಿಲೋಮೀಟರ್ ಓಡಿಸಿಕೊಂಡು ಬನ್ನಿರಿ. ಎಣ್ಣೆ ಬಿಸಿಯಾಗಿ ತೆಳ್ಳಗಾದರೆ ತಾನೆ ತನ್ನ ದಾರಿಯನ್ನು ಹಿಡಿಯುತ್ತದೆ! ಬಂದಮೇಲೆ ಇಂಜಿನ್ ಆರಿಸಿ, ದೀಪ ಹಿಡಿದು ನೋಡಿರಿ. ಕೈಫೋನಿನ ದೀಪವೂ ಸಾಕು. ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆಯೊಂದು ಇಳಿದಿರುತ್ತದೆ. ಆ ಗೆರೆಯನ್ನು ಹಿಡಿದು ಮೇಲಕ್ಕೆ ಹೋಗಬೇಕು. ಅತಿ ಎತ್ತರದಲ್ಲಿ, ಅತಿ ಮುಂದಕ್ಕೆ ಎಲ್ಲಿ ಒದ್ದೆಯಾಗಿದೆಯೋ ಸೋರಿಕೆಯ ಮೂಲ ಅಲ್ಲಿ, ಅಥವಾ ಅದಕ್ಕೆ ತೀರ ಹತ್ತಿರ. ನೋಡುವಾಗ ನೇತಾಡುವ ಸೆರಗು, ಪಂಚೆಯ ಚುಂಗು, ಸಡಿಲ ತೋಳು ಇರಬಾರದು. ಬಿಸಿ ಸೈಲೆನ್ಸರಿಗೆ ಕೈ ತಾಗದಿರಲಿ.

ಈಗ ಮೇಲಿನಿಂದ ಕೆಳಕ್ಕೆ, ಅಗ್ಗದ ರಿಪೇರಿಯಿಂದ ದುಬಾರಿಯದರ ಕಡೆಗೆ, ಒಂದು ಸುತ್ತು ಬರೋಣ.

ಎಲ್ಲಕ್ಕೂ ಮೇಲಿರುವುದು ರಾಕರ್ ಕವರ್, ಎಣ್ಣೆ ಹೊಯ್ಯುವ ಮುಚ್ಚಳ ಇರುವ ತಗಡಿನ ಡಬ್ಬಿ. ಇದರ ಅಡಿಯಲ್ಲಿ ಕಾರ್ಕಿನ ಪ್ಯಾಕಿಂಗ್ ಇರುತ್ತದೆ. ಕಾರ್ಕು ಒಣಗಿ ಬಿರುಸಾದರೆ ಎಣ್ಣೆ ಅಂಚಿನಿಂದ ಜಿನುಗುತ್ತದೆ. ಆಗ ಮೇಲಿನ ನಟ್ಟುಗಳನ್ನು ಬಲವಾಗಿ ಬಿಗಿಯುವುದು ನಮ್ಮೆಲ್ಲರಿಗೂ ಹೊಳೆಯುವ ಉಪಾಯ, ಆದರೆ ಅದೇ ತಪ್ಪು. ಹೆಚ್ಚು ಬಿಗಿದರೆ ಕಾರ್ಕು ನುಜ್ಜಾಗುತ್ತದೆ, ತಗಡು ಬಾಗುತ್ತದೆ, ಸೋರಿಕೆ ಹೆಚ್ಚುತ್ತದೆ. ಹೊಸ ಪ್ಯಾಕಿಂಗ್ ಹಾಕಿ ಹದವಾಗಿ ಬಿಗಿಯುವುದೇ ಸರಿ.

ಎರಡನೆಯದು ಟ್ಯಾಪೆಟ್ ಕವರುಗಳು. ಅಂಬಾಸಿಡರಿನ ಈ ಇಂಜಿನ್ನಿನ ಎಡಮಗ್ಗುಲಲ್ಲಿ, ಮ್ಯಾನಿಫೋಲ್ಡುಗಳ ಕೆಳಗೆ ಮರೆಯಾಗಿ, ತಗಡಿನ ಎರಡು ಮುಚ್ಚಳಗಳಿವೆ. ಇವುಗಳಿಗೂ ಕಾರ್ಕಿನ ಪ್ಯಾಕಿಂಗೇ. ಮೇಲೆ ಸದಾ ಸೈಲೆನ್ಸರಿನ ಕಾವು ಇರುವುದರಿಂದ ಆ ಕಾರ್ಕು ಬೆಂದು ಹಪ್ಪಳವಾಗುತ್ತದೆ. ನಿಂತು ನೋಡಿದರೆ ಕಾಣದು, ಮಲಗಿ ನೋಡಿದರೂ ಸುಲಭವಾಗಿ ಕಾಣದು. ಸರಿಪಡಿಸಬೇಕಾದರೆ ಮ್ಯಾನಿಫೋಲ್ಡನ್ನು ಬಿಚ್ಚಬೇಕು. ಆದ್ದರಿಂದ ಅವಸರದ ಕೈಗಳು ಇದನ್ನು ಮುಟ್ಟುವುದಿಲ್ಲ. ಇಲ್ಲಿಂದ ಇಳಿದ ಎಣ್ಣೆ ಮಗ್ಗುಲಿನ ಗುಂಟ ಹಿಂದಕ್ಕೆ ಸರಿದು ಗೇರ್ ಬಾಕ್ಸಿನ ಹತ್ತಿರವೇ ತೊಟ್ಟಿಕ್ಕುತ್ತದೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಬಲಮಗ್ಗುಲಲ್ಲಿ ಆಯಿಲ್ ಫಿಲ್ಟರ್ ಇದೆ. ಎಣ್ಣೆ ಬದಲಾಯಿಸಿದ ಮರುದಿನವೇ ಸೋರಿಕೆ ಶುರುವಾಗಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಹಳೆಯ ರಬ್ಬರ್ ಬಳೆಯನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಕೂರಿಸಿಬಿಡುವುದು ಅಪರೂಪವಲ್ಲ. ಅದೇ ಮಗ್ಗುಲಿನ ಹಿಂಭಾಗದಲ್ಲಿ ಎಣ್ಣೆಯ ಒತ್ತಡವನ್ನು ಗೇಜಿಗೋ ದೀಪಕ್ಕೋ ತಿಳಿಸುವ ಸಂಪರ್ಕ ಇರುತ್ತದೆ. ಇದು ಚಿಕ್ಕದು, ಆದರೆ ಪಂಪಿನ ಪೂರ್ತಿ ಒತ್ತಡ ಇದರ ಮೇಲಿದೆ. ಇಲ್ಲಿಯ ಕೊಳವೆ ಬಿರಿದರೆ ಎಣ್ಣೆ ಚಿಮ್ಮಿ, ನೋಡುನೋಡುತ್ತಿದ್ದಂತೆ ಇಂಜಿನ್ ಬರಿದಾಗಬಹುದು. ಈ ಭಾಗಕ್ಕೆ ತಗಲುವ ಖರ್ಚು ಅಲ್ಪ. ಅಲಕ್ಷ್ಯಕ್ಕೆ ತೆರಬೇಕಾದದ್ದು ಒಂದು ಇಂಜಿನ್ನಿನ ಬೆಲೆ.

ಮುಂಭಾಗದಲ್ಲಿ, ಫ್ಯಾನ್ ಬೆಲ್ಟ್ ತಿರುಗಿಸುವ ಕೆಳಗಿನ ದೊಡ್ಡ ಪುಲಿಯ ಹಿಂದೆ, ಟೈಮಿಂಗ್ ಕವರಿನ ಸೀಲು ಇದೆ. ಇಲ್ಲಿ ಸೋರಿದರೆ ಗುರುತು ಹಿಡಿಯುವುದು ಸುಲಭ. ತಿರುಗುವ ಪುಲಿ ಎಣ್ಣೆಯನ್ನು ಸುತ್ತಲೂ ಎರಚಿ, ಬಾನೆಟ್ಟಿನ ಒಳಗೆಲ್ಲ ಒಂದು ಗೆರೆ ಎಳೆದಂತೆ ಹನಿಗಳು ಕಾಣುತ್ತವೆ. ತಳದಲ್ಲಿರುವುದು ಎಣ್ಣೆಯ ತೊಟ್ಟಿ. ಮೇಸ್ತ್ರಿಗಳು ಇದನ್ನು ಚೇಂಬರ್ ಎನ್ನುತ್ತಾರೆ. ಅದರ ಸುತ್ತ ಪ್ಯಾಕಿಂಗ್, ಅಡಿಯಲ್ಲಿ ಎಣ್ಣೆ ಬಸಿಯುವ ಬೋಲ್ಟ್, ಬೋಲ್ಟಿಗೊಂದು ವಾಷರ್. ರಟ್ಟಿನ ಮೇಲಿನ ಕಲೆ ಸರಿಯಾಗಿ ಬೋಲ್ಟಿನ ಕೆಳಗೇ ಇದ್ದು, ಮೇಲೆಲ್ಲ ಪೌಡರು ಬೆಳ್ಳಗೇ ಉಳಿದಿದ್ದರೆ, ಕೆಲವೇ ರೂಪಾಯಿಗಳ ವಾಷರಿನಿಂದ ನಿಮ್ಮ ಕಷ್ಟ ತೀರಿತು.

ಹಿಂದಕ್ಕೆ ಹೋಗುವ ಮುನ್ನ ಒಂದು ಮುಖ್ಯ ವಿಷಯ. ಅಡಿಗೆಮನೆಯ ಪ್ರೆಷರ್ ಕುಕ್ಕರನ್ನು ನೆನೆಸಿಕೊಳ್ಳಿ. ವೆಯ್ಟಿನ ಕೆಳಗಿನ ತೂತು ಕಟ್ಟಿಕೊಂಡರೆ ಆವಿ ಮುಚ್ಚಳದ ಅಂಚಿನಿಂದ ನುಗ್ಗುತ್ತದೆ. ಆಗ ರಬ್ಬರನ್ನು ಎಷ್ಟು ಸಲ ಬದಲಾಯಿಸಿದರೂ ಫಲವಿಲ್ಲ, ತೂತನ್ನು ಬಿಡಿಸಬೇಕು. ಇಂಜಿನ್ನಿಗೂ ಅಂಥದೇ ಉಸಿರಾಟದ ದಾರಿ ಇದೆ. ಪಿಸ್ಟನ್ನುಗಳ ಪಕ್ಕದಿಂದ ಸ್ವಲ್ಪ ಅನಿಲ ಯಾವಾಗಲೂ ಕೆಳಕ್ಕೆ ನುಸುಳುತ್ತದೆ. ಅದು ಹೊರಕ್ಕೆ ಹೋಗಲು ಬ್ರೀದರ್ ಕೊಳವೆಯನ್ನು ಇಟ್ಟಿರುತ್ತಾರೆ. ನಾನು ಹೇಳುತ್ತಿರುವ ಇಂಜಿನ್ನಿನಲ್ಲಿ ಟ್ಯಾಪೆಟ್ ಕವರಿನಿಂದ ಒಂದು ಕೊಳವೆ ಕೆಳಕ್ಕೆ ಇಳಿಯುತ್ತದೆ, ರಾಕರ್ ಕವರಿನಿಂದ ಒಂದು ರಬ್ಬರ್ ಕೊಳವೆ ಏರ್ ಕ್ಲೀನರಿಗೆ ಹೋಗುತ್ತದೆ. ಇವು ಕಟ್ಟಿಕೊಂಡರೆ ಒಳಗಿನ ಒತ್ತಡ ಎಣ್ಣೆಯನ್ನು ಎಲ್ಲ ಸಂದುಗಳಿಂದಲೂ ಹೊರಕ್ಕೆ ತಳ್ಳುತ್ತದೆ. ಒಂದೇ ಸಲಕ್ಕೆ ಮೂರು ನಾಲ್ಕು ಕಡೆ ಸೋರಲು ತೊಡಗಿದರೆ ಪ್ಯಾಕಿಂಗುಗಳನ್ನು ಬಯ್ಯುವ ಮೊದಲು ಬ್ರೀದರನ್ನು ನೋಡಿರಿ. ಬ್ರೀದರ್ ಸರಿಯಾಗಿದ್ದೂ ಇಂಜಿನ್ ಚಾಲೂ ಇರುವಾಗ ಅದರಿಂದ ಬುಸಬುಸನೆ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗುಗಳು ಸವೆದಿರುವ ಸಂಭವ ಉಂಟು. ಅದಕ್ಕೆ ಇಂಜಿನ್ ಕೆಲಸವೇ ಬೇಕಾದೀತು.

ಕೊನೆಯದಾಗಿ ಹಿಂಭಾಗ. ಎಲ್ಲರೂ ಮೊದಲು ದೂರುವುದು ಇದನ್ನು. ನಾವು ನೋಡಬೇಕಾದದ್ದು ಕೊನೆಗೆ. ಸ್ವಾರಸ್ಯವೇನೆಂದರೆ, ಅಂಬಾಸಿಡರಿನ ಹಳೆಯ 1489 ಸಿ.ಸಿ. ಇಂಜಿನ್ನಿನಲ್ಲಿ ಕ್ರ್ಯಾಂಕ್ ದಂಡದ ಹಿಂತುದಿಗೆ ರಬ್ಬರಿನ ಸೀಲೇ ಇಲ್ಲ. ಅದರ ಬದಲು ದಂಡದ ಮೇಲೆ ತಿರುಪಿನಂಥ ಗೆರೆ ಕೊರೆದಿದ್ದಾರೆ. ದಂಡ ತಿರುಗುವಾಗ ಆ ತಿರುಪು ಹೊರಬರುವ ಎಣ್ಣೆಯನ್ನು ಒಳಕ್ಕೆ ಹಿಂದಿರುಗಿಸುತ್ತದೆ. ಇಂಜಿನ್ ನಿಂತರೆ ತಿರುಪಿನ ಕೆಲಸವೂ ನಿಂತಿತು. ಆಗ ನಾಲ್ಕಾರು ಹನಿ ಬಿದ್ದರೆ ಅದು ರೋಗವಲ್ಲ, ಹುಟ್ಟುಗುಣ. ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿದರೆ ಎಣ್ಣೆ ಹಿಂದಕ್ಕೆ ಸರಿದು ಇನ್ನೂ ನಾಲ್ಕು ಹನಿ ಹೆಚ್ಚು ಬೀಳುತ್ತದೆ. ನಿಲ್ಲಿಸುವ ದಿಕ್ಕನ್ನು ಬದಲಾಯಿಸಿ ನೋಡುವುದೂ ಒಂದು ಪರೀಕ್ಷೆಯೇ. ಮೇಲೆಲ್ಲ ಒಣಗಿದ್ದು, ಬೆಲ್ ಹೌಸಿಂಗಿನ ಒಳಗಿನಿಂದಲೇ ಎಣ್ಣೆ ಧಾರಾಳವಾಗಿ ಬರುತ್ತಿದ್ದರೆ, ಅಥವಾ ಎಣ್ಣೆ ತಾಗಿ ಕ್ಲಚ್ ಜಾರುತ್ತಿದ್ದರೆ, ಆಗ ಮಾತ್ರ ಗೇರ್ ಬಾಕ್ಸ್ ಇಳಿಸುವ ಮಾತನ್ನು ಎತ್ತಬೇಕು.

ಇನ್ನು ನನ್ನ ಕಥೆಯ ಉಳಿದರ್ಧ. ಗುಜರಿಗೆ ಹಾಕುವ ಮೊದಲು ಇನ್ನೊಬ್ಬರಿಗೆ ತೋರಿಸೋಣವೆಂದು, ತಂದೆಯವರ ಕಾಲದಿಂದ ಬಲ್ಲ ಒಬ್ಬ ಮುದುಕ ಮೇಸ್ತ್ರಿಗಳನ್ನು ಮನೆಗೆ ಕರೆತಂದೆ. ಅವರು ಗ್ಯಾರೇಜು ಮುಚ್ಚಿ ಎಷ್ಟೋ ವರ್ಷವಾಗಿತ್ತು. ನಾನು ಹಿಂದಿನ ರಸೀತಿಯನ್ನು ಅವರ ಕೈಗಿತ್ತೆ.

'ಹಿಂದಿನ ಸೀಲು ಹಾಕಿದರು ಅಂತೀರಲ್ಲ ಸ್ವಾಮಿ, ಯಾವ ಸೀಲು ಅಂತ ಕೇಳಿದಿರಾ?'

'ಇಲ್ಲ ಮೇಸ್ತ್ರಿಗಳೇ.'

'ಈ ಇಂಜಿನ್ನಿಗೆ ಅಲ್ಲಿ ಸೀಲೇ ಇಲ್ಲವಲ್ಲ. ಗೇರ್ ಬಾಕ್ಸಿನದು ಯಾವುದೋ ಹಾಕಿರಬೇಕು. ಹೋಗಲಿ ಬಿಡಿ. ಒಂದು ಬಕೆಟ್ಟು, ಒಂದು ಬ್ರಷ್ಷು ತರಿಸಿ.'

ಆ ದಿನವೆಲ್ಲ ಅವರು ಇಂಜಿನ್ ತೊಳೆಸಿದರೇ ಹೊರತು ಒಂದು ನಟ್ಟನ್ನೂ ಬಿಚ್ಚಲಿಲ್ಲ. ಮರುದಿನ ಮನೆಯವಳ ಪೌಡರ್ ಡಬ್ಬಿ ಅರ್ಧ ಬರಿದಾಯಿತು. ಕಾರು ಊರಾಚೆಯ ಕೆರೆಯವರೆಗೆ ಹೋಗಿ ಬಂತು. ಅವರು ಒಂದು ಚಿಕ್ಕ ಕನ್ನಡಿಯನ್ನು ಮ್ಯಾನಿಫೋಲ್ಡಿನ ಕೆಳಗೆ ಹಿಡಿದು, 'ಬನ್ನಿ ಸ್ವಾಮಿ, ನೀವೇ ನೋಡಿ' ಎಂದರು. ಹಿಂದಿನ ಟ್ಯಾಪೆಟ್ ಕವರಿನ ಅಂಚಿನಿಂದ ಹೊರಟ ಕಪ್ಪು ಗೆರೆ ಬಿಳಿಯ ಪುಡಿಯ ಮೇಲೆ ಓರೆಯಾಗಿ ಹಿಂದಕ್ಕೆ ಇಳಿದು ಗೇರ್ ಬಾಕ್ಸಿನ ಬಾಯಿಗೆ ಸೇರಿತ್ತು. ಅಷ್ಟಕ್ಕೇ ಅವರು ಬಿಡಲಿಲ್ಲ. 'ಈ ಕಾರ್ಕು ಇಷ್ಟು ಸೋರಬೇಕಾದರೆ ಒಳಗೆ ಉಸಿರು ಕಟ್ಟಿರಬೇಕು' ಎಂದು ಬ್ರೀದರಿನೊಳಕ್ಕೆ ತಂತಿ ಹಾಕಿದರು. ಕಾರು ಮಳೆಗಾಲವಿಡೀ ನಿಂತಿದ್ದಾಗ ಕಡಜವೊಂದು ಅಲ್ಲಿ ಮಣ್ಣಿನ ಗೂಡು ಕಟ್ಟಿತ್ತು! ಮೇಲಿನ ರಬ್ಬರ್ ಕೊಳವೆಯೂ ಮೆತ್ತಗಾಗಿ ಒಳಕ್ಕೆ ಕುಸಿದಿತ್ತು. ಎರಡು ಕಾರ್ಕಿನ ಪ್ಯಾಕಿಂಗ್, ಒಂದು ಗೇಣು ರಬ್ಬರ್ ಕೊಳವೆ, ಒಂದು ದಿನದ ಕೆಲಸ. ಕಾರು ತಪಾಸಣೆಯಲ್ಲಿ ತೇರ್ಗಡೆಯಾಯಿತು. ಈಗಲೂ ರಾತ್ರಿಗೆ ಮೂರು ನಾಲ್ಕು ಹನಿ ಬೀಳುತ್ತದೆ. ಅದು ಹುಟ್ಟುಗುಣವೆಂದು ನಾನೂ ಒಪ್ಪಿದ್ದೇನೆ. ಕೆಳಗೊಂದು ತಟ್ಟೆ ಇಟ್ಟಿರುವುದರಿಂದ ಮನೆಯವರೂ ಒಪ್ಪಿದ್ದಾರೆ.

ಇದರಿಂದ ವರ್ಕ್‌ಶಾಪಿನವರೆಲ್ಲರೂ ಮೋಸಗಾರರೆಂದು ತಿಳಿಯಬೇಡಿ. ನಾನೂ ಅವರಿಗೆ ಸೋರಿಕೆಯನ್ನು ತೋರಿಸಲಿಲ್ಲ, ಕಲೆಯನ್ನು ಮಾತ್ರ ತೋರಿಸಿದೆ. ನೀವು ಹೋಗುವಾಗ ಗುರುತು ಹಾಕಿದ ರಟ್ಟನ್ನೂ ಎಣ್ಣೆಯ ಲೆಕ್ಕವನ್ನೂ ಒಯ್ಯಿರಿ. ಪೌಡರಿನ ಮೇಲಿನ ಗೆರೆಯ ಫೋಟೋ ತೆಗೆದಿದ್ದರೆ ಇನ್ನೂ ಒಳ್ಳೆಯದು. 'ಎಲ್ಲಿ ಸೋರುತ್ತಿದೆ, ನನಗೆ ತೋರಿಸಿ. ತೋರಿಸಿದಮೇಲೆ ಬಿಚ್ಚಿ' ಎಂದು ಮರ್ಯಾದೆಯಿಂದ ಕೇಳಿರಿ. ಬಲ್ಲ ಮೇಸ್ತ್ರಿ ಇದರಿಂದ ಬೇಸರಪಡುವುದಿಲ್ಲ, ಸಂತೋಷಪಡುತ್ತಾನೆ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಅಡ್ಡದಾರಿಗಳ ಬಗ್ಗೆಯೂ ಎರಡು ಮಾತು. ಪ್ಯಾಕಿಂಗ್ ಬದಲು ಪೇಸ್ಟನ್ನು ದಪ್ಪನಾಗಿ ಮೆತ್ತಿದರೆ, ಒಳಕ್ಕೆ ಉಬ್ಬಿದ ತುಣುಕು ಕಳಚಿ ಎಣ್ಣೆಯ ಜಾಲರಿಯನ್ನು ಮುಚ್ಚಬಹುದು. ಸೋರಿಕೆ ನಿಲ್ಲಿಸುತ್ತದೆಂದು ಮಾರುವ ದ್ರವಗಳು ಒಣಗಿದ ರಬ್ಬರನ್ನು ಕೆಲಕಾಲ ಮೆತ್ತಗೆ ಮಾಡಬಹುದು, ಅಷ್ಟೇ. ಬಿರಿದ ಕಾರ್ಕನ್ನು ಅವು ಕೂಡಿಸಲಾರವು. ಕಾರಿನ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮಂದವಾದ ಎಣ್ಣೆ ಹಾಕಿದರೆ ಸೋರಿಕೆ ಕಡಿಮೆಯಾದಂತೆ ಕಂಡೀತು, ಆದರೆ ತಣ್ಣಗಿನ ಮುಂಜಾನೆ ಅದು ಬೇರಿಂಗುಗಳಿಗೆ ತಡವಾಗಿ ತಲಪುತ್ತದೆ.

ನೆಲಕ್ಕೆ ಬಿದ್ದ ಎಣ್ಣೆಯನ್ನು ನೀರು ಹೊಡೆದು ಚರಂಡಿಗೆ ನೂಕಬೇಡಿ. ಅದು ಕೆರೆಗೋ ಬಾವಿಗೋ ಸೇರುವ ವಿಷ. ಮರದ ಹೊಟ್ಟನ್ನು ಚೆಲ್ಲಿ, ಹೀರಿಕೊಂಡಮೇಲೆ ಬಳಿದು ತೆಗೆಯಿರಿ. ತಟ್ಟೆಯಲ್ಲಿ ಕೂಡಿದ ಹಳೆಯ ಎಣ್ಣೆಯನ್ನು ಡಬ್ಬಿಯಲ್ಲಿಟ್ಟು, ಬಳಸಿದ ಎಣ್ಣೆಯನ್ನು ಶುದ್ಧೀಕರಣಕ್ಕೆ ಕಳಿಸುವ ಗ್ಯಾರೇಜಿಗೆ ಕೊಡಿರಿ.

ನಾಳೆ ಬೆಳಿಗ್ಗೆ ನಿಮ್ಮ ಕಾರಿನ ಕೆಳಗೆ ಕಲೆ ಕಂಡರೆ ಗಾಬರಿಪಡಬೇಡಿ, ಅಲಕ್ಷ್ಯವನ್ನೂ ಮಾಡಬೇಡಿ. ಮೊದಲು ಡಿಪ್‌ಸ್ಟಿಕ್ಕನ್ನು ಎಳೆದು ನೋಡಿರಿ. ಸಂಜೆಗೆ ಒಂದು ರಟ್ಟನ್ನು ಹಾಸಿರಿ. ಭಾನುವಾರ ಬರಲಿ, ತೊಳೆದು, ಪೌಡರು ಹಾಕಿ, ಗೆರೆಯನ್ನು ಹಿಡಿದು ಮೇಲಕ್ಕೆ ಹೋಗಿರಿ. ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು ಅದಾದ ಮೇಲಿನ ಮಾತು.